ಕ್ಯಾಂಪಿನ ಸದ್ದು ಅಳಿಸುವ ಪೆಟ್ಟಿಗೆ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಕಾಲುವೆ ಕ್ಯಾಂಪಿನ ಜನರೇಟರ್ ನಿಂತಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಅದು ನಿಂತ ಕೂಡಲೇ ನಾನು ಗೋಡೆಯ ಗಡಿಯಾರ ನೋಡಿ, ಇವತ್ತು ಬೇಗ ಬಿಟ್ಟರಲ್ಲ ಎಂದು ಖುಷಿಪಟ್ಟಿದ್ದೆ. ಎದ್ದು ಚಹಾಕ್ಕೆ ಒಲೆ ಹೊತ್ತಿಸಿದೆ. ನಾನು ಚಹಾ ಸೋಸುತ್ತಿದ್ದಾಗ ಒಂಬತ್ತು ಮೈಲಿನ ಆಚೆ ಒಬ್ಬ ಮನುಷ್ಯ ಮೈಕು ಹಿಡಿದು ನನ್ನನ್ನು ಕೂಗತೊಡಗಿದ್ದ. ನನಗೆ ಅದು ಕೇಳಲಿಲ್ಲ. ಕೇಳದ ಹಾಗೆ ಮಾಡಿದ್ದು ನಾನೇ ಕಟ್ಟಿದ ಒಂದು ಪೆಟ್ಟಿಗೆ.

ಅದು ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ ನನಗೆ ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಊರೊಂದರ ಹೊರಗೆ, ಎರಡು ಕೋಣೆಯ ವಾಯರ್‌ಲೆಸ್ ಠಾಣೆಯಲ್ಲಿ ನೌಕರಿ ಸಿಕ್ಕಿತ್ತು. ಒಂದು ಕೋಣೆಯಲ್ಲಿ ಸೆಟ್ಟು, ಇನ್ನೊಂದರಲ್ಲಿ ನನ್ನ ಹಾಸಿಗೆ. ಕೆಲಸ ಸರಳ. ಹಳ್ಳದ ಮೇಲ್ಗಡೆ, ಕುಂದಗೋಳದ ದಿಕ್ಕಿಗೆ, ಇನ್ನೊಂದು ಠಾಣೆ ಇತ್ತು. ಅಲ್ಲಿ ನೀರು ಏರಿದರೆ ಅಲ್ಲಿಯ ಆಪರೇಟರ್ ನಮಗೆ ಹೇಳಬೇಕು. ಅದೇ ನೀರು ನಮ್ಮೂರಿಗೆ ಬರಲು ಸುಮಾರು ಒಂದೂವರೆ ತಾಸು ಹಿಡಿಯುತ್ತಿತ್ತು. ಅಷ್ಟರೊಳಗೆ ನಾವು ಕಂಬದ ತುದಿಗೆ ಕೆಂಪು ಅರಿವೆ ಏರಿಸಬೇಕು. ಹಳ್ಳದ ಆಚೆ ಹೊಲಗಳಲ್ಲಿ ಇದ್ದವರು ಅದನ್ನು ನೋಡಿ ಅಲ್ಲೇ ನಿಲ್ಲುತ್ತಿದ್ದರು, ಇಲ್ಲವೇ ಬೇಗ ದಾಟಿ ಬರುತ್ತಿದ್ದರು.

ಬೆಣ್ಣಿಹಳ್ಳವನ್ನು ನೋಡದವರಿಗೆ ಇದು ದೊಡ್ಡ ಮಾತು ಎನ್ನಿಸಲಿಕ್ಕಿಲ್ಲ. ವರ್ಷದ ಹೆಚ್ಚಿನ ದಿನ ಅದರಲ್ಲಿ ಮೊಣಕಾಲುದ್ದ ನೀರೂ ಇರುವುದಿಲ್ಲ. ಆದರೆ ಮೇಲೆಲ್ಲೋ ಮಳೆ ಸುರಿದರೆ, ನಮ್ಮ ತಲೆಯ ಮೇಲೆ ಸ್ವಚ್ಛ ಬಿಸಿಲಿದ್ದಾಗಲೇ, ಕರಿಮಣ್ಣಿನ ರಾಡಿ ಆಳೆತ್ತರ ಬಂದುಬಿಡುತ್ತದೆ. ಠಾಣೆ ಆಗುವ ಮುಂಚೆ ಹೆಣ್ಣುಮಕ್ಕಳು ಇಳಿಯುವ ಮೊದಲು ನೀರನ್ನೇ ನೋಡುತ್ತಿದ್ದರಂತೆ. ಕಡ್ಡಿಕಸ ತೇಲಿ ಬರುತ್ತಿದೆಯೇ, ಅಂಚಿಗೆ ನೊರೆ ಕಟ್ಟಿದೆಯೇ, ಬಣ್ಣ ತಿರುಗಿದೆಯೇ ಎಂದು. ಕಂಬ ಬಂದ ಮೇಲೆ ಆ ರೂಢಿ ಬಿಟ್ಟುಹೋಯಿತು. ಎಲ್ಲರೂ ಕಂಬ ನೋಡುವುದನ್ನು ಕಲಿತರು. ಅದನ್ನು ಕಲಿಸಿದವರು ನಾವೇ.

ಬೆಳಿಗ್ಗೆ ಬುತ್ತಿ ಗಂಟು ಹೊತ್ತು ಹೊಲಕ್ಕೆ ಹೊರಟ ಹೆಂಗಸರು ಠಾಣೆಯ ಮುಂದೆಯೇ ಹಾಯುತ್ತಿದ್ದರು.

“ಏ ವಾಯರ್‌ಲೆಸ್ ಸಾಹೇಬಾ, ದಾಟೂಣೇನ?”

“ದಾಟ್ರಿ. ಕಂಬ ಖಾಲಿ ಐತಿ.”

“ಸಂಜಿಕೆ ನೀ ಮಕ್ಕೊಂಡಿದ್ದರ?”

“ನಾ ಮಕ್ಕೊಂಡ್ರೂ ನನ್ನ ಡಬ್ಬಿ ಎಚ್ಚರಿರ್ತೈತಿ ಬೇ.”

“ಅದನ್ನs ಲಗ್ನಾ ಮಾಡ್ಕೊಂಬಿಡು ಹಂಗಾರ,” ಎಂದು ನಗುತ್ತ ಹೋಗುತ್ತಿದ್ದರು. ಈ ಕೊನೆಯ ಮಾತು ಸಾಮಾನ್ಯವಾಗಿ ಕಾಕೂನದು.

ಕಾಕು ಎಂದರೆ ನಮ್ಮ ಠಾಣೆಯ ಹಿರಿಯ ಆಪರೇಟರರ ಹೆಂಡತಿ. ಆ ಆಪರೇಟರರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅದೇ ಊರಿನವರು, ಐವತ್ತು ದಾಟಿದವರು. ಹಳ್ಳದ ಆಚೆ ಅವರದೊಂದು ಸಣ್ಣ ಹೊಲ ಇತ್ತು. ಆ ವರ್ಷ ಉಳ್ಳಾಗಡ್ಡಿ ಹಾಕಿದ್ದರು. ಕಾಕು ಆಳುಗಳ ಜೊತೆ ತಾನೂ ಹೋಗಿ ಕಸ ತೆಗೆಯುತ್ತಿದ್ದಳು. ನನ್ನ ಎರಡು ಹೊತ್ತಿನ ರೊಟ್ಟಿ ಆಕೆಯ ಮನೆಯಿಂದಲೇ ಬರುತ್ತಿತ್ತು.

ಎಲ್ಲ ನೆಟ್ಟಗಿದ್ದಾಗ ಕಾಲುವೆ ಕ್ಯಾಂಪು ಬಂತು. ಶಲವಡಿ ಕಡೆಗೆ ಹೋಗುವ ರಸ್ತೆಯ ಮಗ್ಗಲಿಗೆ, ನಮ್ಮ ಠಾಣೆಯಿಂದ ಎರಡು ಹೊಲದಾಚೆ, ಕಾಲುವೆಯ ಕಾಂಟ್ರಾಕ್ಟರನೊಬ್ಬ ತಗಡಿನ ಶೆಡ್ಡು ಹಾಕಿದ. ಅವನದೂ ಒಂದು ವಾಯರ್‌ಲೆಸ್ ಸೆಟ್ಟು, ಜನರೇಟರಿನ ಮೇಲೆ ನಡೆಯುವುದು. ಮುಂಜಾನೆಯಿಂದ ಸಂಜೆಯವರೆಗೆ ಅವನ ಗುಮಾಸ್ತ ಸಿಮೆಂಟು, ಡೀಸೆಲ್ಲು, ಲಾರಿ ಟಾಯರು ಎಂದು ಹುಬ್ಬಳ್ಳಿಯ ಆಫೀಸಿಗೆ ಒದರುತ್ತಿದ್ದ. ಅವರ ತರಂಗ ನಮ್ಮ ತರಂಗದ ಬಾಜೂಕ್ಕೇ ಇತ್ತು. ಅವನು ಬಾಯಿ ತೆರೆದರೆ ನಮ್ಮ ಸೆಟ್ಟು ಕಿವುಡಾಗುತ್ತಿತ್ತು. ಕಿವಿಯ ಹತ್ತಿರವೇ ಒಬ್ಬ ಹಲಗೆ ಬಡಿಯುವಾಗ ಊರಾಚೆಯಿಂದ ಇನ್ನೊಬ್ಬ ಕರೆದರೆ ಕೇಳೀತೇ? ಕಿವಿ ಕೆಟ್ಟಿರುವುದಿಲ್ಲ, ಹಲಗೆಯಿಂದಲೇ ತುಂಬಿರುತ್ತದೆ. ಮೇಲಧಿಕಾರಿಗಳಿಗೆ ತಕರಾರು ಬರೆದೆವು. ‘ವಿಚಾರಿಸಲಾಗುವುದು’ ಎಂದು ಉತ್ತರ ಬಂತು.

ಆಗ ನಾನು ಓದಿದ್ದನ್ನು ಬಳಸಿದೆ. ತತ್ವ ಇಷ್ಟೇ. ಕ್ಯಾಂಪಿನ ಕಡೆ ಮುಖ ಮಾಡಿ ಇನ್ನೊಂದು ಸಣ್ಣ ಆಂಟೆನಾ ಹಾಕುವುದು. ಅದಕ್ಕೆ ಕ್ಯಾಂಪಿನ ಸದ್ದು ಮಾತ್ರ ಜೋರಾಗಿ ಸಿಗುತ್ತದೆ. ಆ ಸದ್ದನ್ನು ತಲೆಕೆಳಗು ಮಾಡಿ, ಅಂದರೆ ಏರು ಇದ್ದಲ್ಲಿ ಇಳಿವು ಬರುವಂತೆ ಮಾಡಿ, ದೊಡ್ಡ ಆಂಟೆನಾದಿಂದ ಬಂದದ್ದಕ್ಕೆ ಕೂಡಿಸುವುದು. ಕ್ಯಾಂಪಿನ ಸದ್ದು ತನ್ನನ್ನು ತಾನೇ ಹೊಡೆದುಕೊಂಡು ಸಾಯುತ್ತದೆ, ದೂರದ ದನಿ ಉಳಿಯುತ್ತದೆ. ಪೆಟ್ಟಿಗೆಗೆ ಎರಡು ತಿರುಗಣಿ ಇಟ್ಟೆ. ಒಂದು ಸದ್ದಿನ ಗಾತ್ರ ಹೊಂದಿಸಲು, ಇನ್ನೊಂದು ಅದರ ಏರಿಳಿತದ ಹೊತ್ತು ಹೊಂದಿಸಲು. ಮುಂದೆ ಒಂದು ಮುಳ್ಳಿನ ಮೀಟರು. ಎರಡೂ ತಿರುಗಣಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಮುಳ್ಳನ್ನು ಕೆಳಕ್ಕೆ ತಂದರೆ ಸಾಕು.

ಮೊದಲ ಸಲ ಅದು ಕೂಡಿಬಂದಾಗ ಗುಮಾಸ್ತನ ಒದರಾಟ ಬಾವಿಗೆ ಬಿದ್ದಂತೆ ಅಡಗಿ, ಅದರ ಹಿಂದಿನಿಂದ ಮೇಲಿನ ಠಾಣೆಯವನ ದನಿ ತೆಳ್ಳಗೆ, ಸ್ಪಷ್ಟವಾಗಿ ಬಂತು. ಕಾಕಾ ಕುರ್ಚಿಯಿಂದ ಎದ್ದು ನನ್ನ ಬೆನ್ನಿಗೆ ಗುದ್ದಿದರು.

“ಲೇ, ಅವನ ಬಾಯಿಗೆ ಅರಿವಿ ತುರುಕಿದೆಲ್ಲೋ!”

ಆದರೆ ಲಾರಿಯೊಂದು ಶೆಡ್ಡಿನ ಮುಂದೆ ಬಂದು ನಿಂತರೆ, ಗಾಳಿಗೆ ಆಂಟೆನಾ ವಾಲಿದರೆ, ನೆಲ ಹಸಿಯಾದರೆ ಹೊಂದಿಕೆ ತಪ್ಪುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ತಿರುಗಣಿ ಹಿಡಿದು ಕೂರಬೇಕು. ಕಾಕಾಗೆ ಅದರ ಬೇಸರವಿರಲಿಲ್ಲ. ಬೀಡಿ ಬಾಯಲ್ಲಿಟ್ಟು ಒಂದು ಕೈ ತಿರುಗಣಿ ಮೇಲೆ ಇಟ್ಟುಕೊಂಡೇ ಇರುತ್ತಿದ್ದರು. ಕ್ಯಾಂಪು ಸುಮ್ಮನಾದ ತಕ್ಷಣ ಪೆಟ್ಟಿಗೆಯನ್ನೇ ಬಂದ್ ಮಾಡುತ್ತಿದ್ದರು. ಬೇಸರ ನನ್ನದು. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಿಂದ ಟೇಪ್‌ರೆಕಾರ್ಡರಿನ ಎರಡು ಸಣ್ಣ ಮೋಟರು ತಂದು ತಿರುಗಣಿಗಳಿಗೆ ಕೂಡಿಸಿದೆ. ಅವು ತಾವಾಗಿಯೇ ಒಂದಿಷ್ಟು ತಿರುಗಿ ನೋಡುತ್ತಿದ್ದವು. ಮುಳ್ಳು ಇಳಿದರೆ ಅದೇ ಕಡೆ ಮುಂದುವರಿಯುತ್ತಿದ್ದವು, ಏರಿದರೆ ಹಿಂದಕ್ಕೆ ಬರುತ್ತಿದ್ದವು. ಲಾರಿ ಬರಲಿ, ಗಾಳಿ ಬೀಸಲಿ, ಅರ್ಧ ನಿಮಿಷದಲ್ಲಿ ಹೊಂದಿಕೆ ಮತ್ತೆ ಸರಿ. ಮೋಟರುಗಳು ಕುಯ್ ಕುಯ್ ಎನ್ನುವುದನ್ನು ನೋಡಲು ಊರಿನ ಮಾಸ್ತರರು ಶಾಲೆಯ ಮಕ್ಕಳನ್ನು ಕರೆತಂದರು. ನಾನು ಅವರಿಗೆ ಭಾಷಣ ಮಾಡಿದೆ.

ಮೊದಮೊದಲು ಒಂದು ಮಿತಿ ಇಟ್ಟಿದ್ದೆ. ಬಂದ ಸದ್ದು ಬಹಳ ಜೋರಿದ್ದರೆ ಮಾತ್ರ ಮೋಟರುಗಳು ಏಳಬೇಕು, ಇಲ್ಲದಿದ್ದರೆ ಮಲಗಿರಬೇಕು. ಆದರೆ ಕ್ಯಾಂಪಿನವನು ಕೆಲವೊಮ್ಮೆ ಶಕ್ತಿ ಕಡಿಮೆ ಮಾಡಿ ಮಾತಾಡಿದಾಗ ಒಂದಿಷ್ಟು ಚರಚರ ಉಳಿಯುತ್ತಿತ್ತು. ಕೆಲಸಕ್ಕೇನೂ ಅದರಿಂದ ತೊಂದರೆಯಿರಲಿಲ್ಲ. ನನ್ನ ಕಿವಿಗೆ ಮಾತ್ರ ಅದು ಸೋಲಿನಂತೆ ಕೇಳುತ್ತಿತ್ತು. ಮಿತಿಯನ್ನು ಬಹಳ ಕೆಳಗೆ ತಂದೆ. ಸಣ್ಣ ಆಂಟೆನಾವನ್ನು ಮಾಳಿಗೆಯ ಮೇಲೇರಿಸಿದೆ.

“ಈಗ ಇದು ಯಾವಾಗ ಸುಮ್ಮ ಕೂಡ್ತೈತಿ?” ಎಂದು ಕಾಕಾ ಕೇಳಿದರು.

“ಸುಮ್ಮ ಯಾಕ ಕೂಡಬೇಕ್ರಿ ಕಾಕಾ? ಅದರ ಪಾಡಿಗೆ ಅದು ಮಾಡ್ಕೋತೈತಿ.”

“ಕ್ಯಾಂಪ್ ಬಂದ್ ಆದಾಗ?”

“ಆಗ ಅಳಸಾಕ ಏನೂ ಇರೂದಿಲ್ಲಲ್ರಿ.”

“ಹಂಗೇನ,” ಎಂದರು. ಒಪ್ಪಿದ ದನಿಯಲ್ಲ. “ನಾ ಅಂತೂ ಬಂದ್ ಮಾಡಾಂವಪಾ. ಕೈ ಇರಬೇಕು ಅದರ ಮ್ಯಾಲೆ.”

ನನಗೆ ಒಳಗೊಳಗೆ ನಗು ಬಂದಿತ್ತು.

ಆ ದಿನ ಕಾಕಾ ಬ್ಯಾಟರಿ ಚಾರ್ಜಿಗೆ ಹಾಕಲು ನವಲಗುಂದಕ್ಕೆ ಹೋಗಿದ್ದರು. ಕ್ಯಾಂಪಿನ ಜನರೇಟರ್ ನಿಂತ ಮೇಲೆ ಗಾಳಿಯಲ್ಲಿ ಉಳಿದ ಅತಿ ದೊಡ್ಡ ಸದ್ದು ಯಾವುದು? ಮೇಲಿನ ಠಾಣೆಯವನ ದನಿ. ನನ್ನ ಪೆಟ್ಟಿಗೆಗೆ ಶತ್ರು ಯಾರು, ನಂಟ ಯಾರು ಎಂಬುದು ಗೊತ್ತಿರಲಿಲ್ಲ. ದೊಡ್ಡದಾಗಿ ಕೇಳಿದ್ದನ್ನು ಅಳಿಸುವುದಷ್ಟೇ ಅದಕ್ಕೆ ಗೊತ್ತಿತ್ತು. ಸಣ್ಣ ಆಂಟೆನಾ ಬೆನ್ನ ಹಿಂದಿನದನ್ನೂ ಒಂದಿಷ್ಟು ಹಿಡಿಯುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಒಂದಿಷ್ಟು ತಾನೇ ಎಂದು ಬಿಟ್ಟಿದ್ದೆ. ಅದಕ್ಕೆ ಅಷ್ಟೇ ಸಾಕಾಯಿತು. ಆತ ಮೊದಲ ಸಲ ಕರೆದಾಗ ನಾನು ಒಲೆಯ ಹತ್ತಿರ ಇದ್ದೆ. ಮೋಟರುಗಳು ಕುಯ್ ಎಂದದ್ದು ಕೇಳಿತ್ತು. ಕ್ಯಾಂಪು ಮತ್ತೆ ಶುರುವಾಯಿತೇನೋ ಎಂದುಕೊಂಡೆ. ಆಮೇಲೆ ಆತ ಕೂಗಿದಷ್ಟೂ ಪೆಟ್ಟಿಗೆ ಇನ್ನಷ್ಟು ಚೊಕ್ಕವಾಗಿ ಅಳಿಸುತ್ತ ಹೋಯಿತು.

ನಾಲ್ಕು ಗಂಟೆಗೆ ಮೇಲಿನ ಠಾಣೆಯವನ ದಿನನಿತ್ಯದ ಕರೆಗಳಲ್ಲೊಂದು ಬರಬೇಕಿತ್ತು. ಬರಲಿಲ್ಲ. ನಾನು ಗಾಬರಿಯಾಗಲಿಲ್ಲ, ಏಕೆಂದರೆ ಅಂದು ಅವನ ಠಾಣೆಯ ಊರಿನ ಸಂತೆ. ದಿನಗೂಲಿಯ ಮನುಷ್ಯ, ಮನೆ ದೂರ. ಸಂತೆಯ ದಿನ ಅರ್ಧ ತಾಸು ಠಾಣೆಗೆ ಬೀಗ ಹಾಕಿ ಕಾಯಿಪಲ್ಲೆ ತಂದಿಟ್ಟುಕೊಳ್ಳುತ್ತಿದ್ದ. ಅದು ನಮಗೂ ಗೊತ್ತು, ನಾವು ಅಧಿಕಾರಿಗಳಿಗೆ ತಿಳಿಸುತ್ತಿರಲಿಲ್ಲ. ನಾಲ್ಕೂವರೆಯ ಕರೆಯನ್ನೇ ನಾಲ್ಕರದು ಎಂದು ಬರೆದುಕೊಳ್ಳುವುದು ನಮ್ಮೊಳಗಿನ ರೂಢಿ. ಆದರೂ ನಾಲ್ಕು ಐದಕ್ಕೆ ಒಮ್ಮೆ ಕರೆದೆ. ಉತ್ತರ ಕೇಳಲಿಲ್ಲ. ನಾಲ್ಕೂಮುಕ್ಕಾಲಿಗೆ ಮತ್ತೊಮ್ಮೆ ಕರೆದೆ. ‘ಬದನೀಕಾಯಿ ಚೌಕಾಸಿ ಮುಗಿದಿಲ್ಲ ಕಾಣ್ತೈತಿ’ ಎಂದು ಒಬ್ಬನೇ ಗೊಣಗಿ, ‘ಉತ್ತರವಿಲ್ಲ’ ಎಂದು ದಾಖಲೆ ಪುಸ್ತಕದಲ್ಲಿ ಬರೆದೆ. ಎರಡೂ ಸಲ ನನ್ನ ದನಿ ಅವನಿಗೆ ಕೇಳಿತ್ತು. ಎರಡೂ ಸಲ ಅವನು ಉತ್ತರ ಕೊಟ್ಟಿದ್ದ.

ಐದೂಕಾಲಿಗೆ ನಾನು ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದೆ. ಆಚೆ ದಂಡೆಗೆ ಒಂಬತ್ತು ಮಂದಿ ಹೆಂಗಸರು ಬಂದರು. ಒಬ್ಬಳು ಕೈ ಅಡ್ಡ ಹಿಡಿದು ಕಂಬ ನೋಡಿದ್ದು ನನಗೆ ಕಂಡಿತು. ಆಮೇಲೆ ಎಲ್ಲರೂ ಸೀರೆ ಎತ್ತಿ ಕಟ್ಟಿ ಇಳಿದರು. ಕಾಕು ಎಲ್ಲರ ಹಿಂದೆ.

ಮೊದಲು ಕೇಳಿದ್ದು ಹಕ್ಕಿಗಳು. ಮೇಲಿನ ಜಾಲಿ ಗಿಡಗಳಿಂದ ಬೆಳ್ಳಕ್ಕಿಗಳು ಒಟ್ಟಿಗೇ ಎದ್ದವು. ತಿರುವಿನಲ್ಲಿ ನೀರು ಕಂಡಿತು. ಅದು ನೀರಿನ ಹಾಗಿರಲಿಲ್ಲ. ನೆಲವೇ ಎದ್ದು ನಡೆದು ಬಂದ ಹಾಗೆ, ಕರ್ರಗೆ, ಮುಂದೆ ಕಸ ನೂಕುತ್ತ ಬರುತ್ತಿತ್ತು. ನಾನು ಒದರಿದೆ. ಏನು ಒದರಿದೆನೋ ಇವತ್ತಿಗೂ ಗೊತ್ತಿಲ್ಲ. ಹಗ್ಗ ಎಳೆದು ಕೆಂಪು ಅರಿವೆ ಏರಿಸಿದೆ. ಅದು ಇನ್ನು ಯಾರಿಗೂ ಬೇಕಿರಲಿಲ್ಲ. ಆ ಹಗ್ಗ ಎಳೆಯುವುದರಲ್ಲಿ ಕಳೆದ ಹತ್ತು ಎಣಿಕೆಯಷ್ಟು ಹೊತ್ತಿನಲ್ಲಿ ದಂಡೆಗೆ ಓಡಿದ್ದರೆ ಕಾಕೂನ ಕೈ ಸಿಗುತ್ತಿತ್ತೇನೋ ಎಂದು ಲೆಕ್ಕ ಹಾಕುತ್ತಲೇ ಇದ್ದೇನೆ.

ಆರು ಮಂದಿ ಈ ದಂಡೆ ಹತ್ತಿದರು. ಇಬ್ಬರು ತಿರುಗಿ ಆ ದಂಡೆಗೆ ಬಿದ್ದರು. ಕಾಕು ನಡುವೆ ನಿಂತು, ಮುಂದಿನವಳ ಬೆನ್ನಿಗೆ ಕೈ ಹಚ್ಚಿ ನೂಕಿ, ತಾನು ಹೋದಳು. ಒಂದು ಕ್ಷಣ ಆಕೆಯ ಹಸಿರು ಸೀರೆ ಕಂಡಿತು. ಆಮೇಲೆ ಬರೀ ರಾಡಿ. ನಾವು ದಂಡೆಗುಂಟ ಓಡಿದೆವು. ಮುನ್ನೂರು ಹೆಜ್ಜೆ ಕೆಳಗೆ, ಪ್ರವಾಹದ ನಟ್ಟನಡುವೆ ಒಂದು ಜಾಲಿ ಗಿಡ ಅರ್ಧ ಮುಳುಗಿ ಅಲುಗುತ್ತಿತ್ತು. ಅದರ ಮುಳ್ಳುಕೊಂಬೆಯನ್ನು ಬಲಗೈಯಲ್ಲಿ ಅಪ್ಪಿ ಹಿಡಿದು ಕಾಕು ಜೋತುಬಿದ್ದಿದ್ದಳು.

ಎತ್ತಿನ ಗಾಡಿಯ ಹಗ್ಗಗಳನ್ನು ಕೂಡಿಸಿ ಗಂಟು ಹಾಕಿದರು. ಎರಡು ಸಲ ಎಸೆದರೂ ಮುಟ್ಟಲಿಲ್ಲ. ಅಷ್ಟರಲ್ಲಿ ಬಸ್ಸಿಳಿದ ಕಾಕಾ ಓಡಿ ಬಂದರು. ಅವರು ಅಳಲಿಲ್ಲ, ಹೆಂಡತಿಗೆ ಬೈಯತೊಡಗಿದರು.

“ಕೈ ಬಿಟ್ಟಿ ಅಂದ್ರ ನೋಡ ಮತ್ತ! ಮನೀಗೆ ಬಾ, ನಿನಗ ಐತಿ! ಬಿಡಬ್ಯಾಡ! ಏನ ಹಿಡದಿ ಅದನ್ನs ಹಿಡಕೋ!”

ನೀರಿನ ಸಪ್ಪಳದ ನಡುವೆ ಆಕೆಯ ದನಿ ಬಂತು: “ಒದರಬ್ಯಾಡ್ರೀ, ಕೇಳತೈತಿ!”

ಎರಡು ತಾಸು ಹಾಗೇ ಇದ್ದಳು. ನೀರು ಒಂದು ಮೊಳ ಇಳಿದ ಮೇಲೆ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಬ್ಬರು ಈಜಿ ಹೋಗಿ ತಂದರು. ಬಲಗೈಯ ಬೆರಳುಗಳನ್ನು ಕೊಂಬೆಯಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಅಂಗೈಯಲ್ಲಿ ಮುಳ್ಳು ಆಳಕ್ಕೆ ಇಳಿದು ಒಳಗಿನ ನರ ಹರಿದಿತ್ತು. ಕ್ಯಾಂಪಿನವರೇ ತಮ್ಮ ಜೀಪು ಕೊಟ್ಟು ಹುಬ್ಬಳ್ಳಿಯ ದವಾಖಾನೆಗೆ ಕಳಿಸಿದರು.

ಒದ್ದೆ ಬಟ್ಟೆಯಲ್ಲಿ ನಾನು ಠಾಣೆಗೆ ಬಂದಾಗ ಕ್ಯಾಂಪಿನ ಜನರೇಟರ್ ಮತ್ತೆ ಶುರುವಾಗಿತ್ತು. ಹುಬ್ಬಳ್ಳಿಗೆ ಸುದ್ದಿ ಹೇಳಲು ಗುಮಾಸ್ತ ಸೆಟ್ಟು ಹಚ್ಚಿರಬೇಕು. ಪೆಟ್ಟಿಗೆಗೆ ತನ್ನ ಹಳೆಯ ಶತ್ರು ಸಿಕ್ಕಿತು, ಮೋಟರುಗಳು ಕುಯ್‌ಗುಟ್ಟಿದವು. ಗುಮಾಸ್ತನ ಸದ್ದಿನ ಹಿಂದಿನಿಂದ ಮೇಲಿನ ಠಾಣೆಯವನ ದನಿ ಎದ್ದು ಬಂತು. ಒಡೆದು ಬಿರಿದ ದನಿ.

“ಎಲ್ಲಿ ಹೋಗಿರ್ರೀ... ಮೂರ ತಾಸಿನಿಂದ ಒದರಾಕತ್ತೀನಿ... ನೀರ ಬಂದೈತ್ರಿ, ಮಂದೀನ ಎತ್ತರ್ರೀ... ಕೇಳಾಕತ್ತೈತೇನ್ರಿ...”

ನಾನು ಮೈಕು ಎತ್ತಿ “ಕೇಳತೈತಿ” ಎಂದೆ.

ಮರುದಿನ ಮುಂಜಾನೆ ಕ್ಯಾಂಪು ಮೌನವಿದ್ದಾಗ ಮೇಲಿನವನಿಗೆ ಒಂದರಿಂದ ನೂರು ಎಣಿಸುತ್ತಿರು ಎಂದೆ. ಪೆಟ್ಟಿಗೆ ಬಂದ್ ಇದ್ದಾಗ ಎಣಿಕೆ ಗಂಟೆಯ ಹಾಗೆ ಕೇಳಿತು. ಚಾಲೂ ಮಾಡಿದೆ. ಇಪ್ಪತ್ತಮೂರು, ಇಪ್ಪತ್ತನಾಲ್ಕು ಎನ್ನುವಷ್ಟರಲ್ಲಿ ಸಣ್ಣದಾಗಿ, ಮೂವತ್ತಕ್ಕೆ ಏನೂ ಇಲ್ಲ. ಬಂದ್ ಮಾಡಿದರೆ ಐವತ್ತೊಂದು, ಐವತ್ತೆರಡು. ಮೂರು ಸಲ ಮಾಡಿ ನೋಡಿದೆ.

ಹನ್ನೊಂದಕ್ಕೆ ನಮ್ಮ ಮೇಲಧಿಕಾರಿ ಬಂದರು. ದಾಖಲೆ ಪುಸ್ತಕ ನೋಡಿದರು.

“ನಾಲ್ಕರ ಕರೆ ಬಂದಿಲ್ಲ?”

“ಕೇಳಿಸಲಿಲ್ರಿ.”

“ನೀವು ಎರಡು ಸಲ ಕರೆದೀರಿ. ಉತ್ತರ ಇಲ್ಲ. ಅಲ್ಲಿ ನಿನ್ನೆ ಸಂತಿ ಇತ್ತು, ಅಲ್ಲೇನ್ರಿ?”

“ಹೌದ್ರಿ.”

ಅವರು ತಲೆಯಾಡಿಸಿ ಬರೆದುಕೊಂಡರು. ಎರಡೇ ಮಾತು ಸಾಕಿತ್ತು, ‘ತಪ್ಪು ನನ್ನದು.’ ಬಾಯಿಯವರೆಗೂ ಬಂದಿತ್ತು. ಅಧಿಕಾರಿ ಆಗಲೇ ಎದ್ದು ಪೆಟ್ಟಿಗೆಯ ಮೇಲೆ ಕೈಯಿಟ್ಟು, “ಇದು ನೀವು ಮಾಡಿದ್ದಂತಲ್ಲ, ಶಾಬಾಶ್” ಎಂದರು. ನಾನು ಸುಮ್ಮನಾದೆ. ಅದೇ ಸಂಜೆ ಮೇಲಿನ ಠಾಣೆಯವನನ್ನು ಕೆಲಸದಿಂದ ತೆಗೆದರು. ಅವನ ಪುಸ್ತಕದಲ್ಲಿ ಐದೈದು ನಿಮಿಷಕ್ಕೆ ಕರೆದ ದಾಖಲೆ ಇತ್ತಂತೆ. ಆಮೇಲೆ ಕೂತು ಬರೆದದ್ದು ಎಂದರಂತೆ. ಅವನ ಕಪಾಟಿನಲ್ಲಿ ಸಿಕ್ಕ ಕಾಯಿಪಲ್ಲೆಯ ಚೀಲವೇ ಸಾಕ್ಷಿಯಾಯಿತು. ಅದನ್ನು ಅವನು ಮುಂಜಾನೆಯೇ ತಂದಿಟ್ಟಿದ್ದ.

ಒಂಬತ್ತು ದಿನ ನಾನು ಬಾಯಿ ಬಿಡಲಿಲ್ಲ. ದಿನಾಲೂ ಒಂದು ಕಾರಣ ಸಿಗುತ್ತಿತ್ತು. ಕಾಕು ದವಾಖಾನೆಯಿಂದ ಬರಲಿ. ಕಾಕಾ ಒಂದಿಷ್ಟು ಸುಧಾರಿಸಿಕೊಳ್ಳಲಿ. ಊರಿನವರು ಠಾಣೆಗೆ ಬಂದು ಮೇಲಿನವನ ಮನೆತನವನ್ನೆಲ್ಲ ಎತ್ತಿ ಬೈಯುವಾಗ ನಾನು ಚಹಾ ಕೊಡುತ್ತಿದ್ದೆ. ಕಣ್ಣು ಮುಚ್ಚಿದರೆ ಹಸಿರು ಸೀರೆ ಕಾಣುತ್ತಿತ್ತು, ಎದ್ದು ಕೂರುತ್ತಿದ್ದೆ. ಆದರೂ ಬೆಳಗಾದರೆ ಮತ್ತೆ ಸುಮ್ಮನಿರುತ್ತಿದ್ದೆ. ಪೆಟ್ಟಿಗೆ ಕಟ್ಟಿದ್ದಕ್ಕೆ ನಾನು ನನ್ನನ್ನು ಎಂದೋ ಕ್ಷಮಿಸಿರಬಹುದು. ಆ ಒಂಬತ್ತು ದಿನಕ್ಕೆ ಕ್ಷಮಿಸಲು ಇನ್ನೂ ಆಗಿಲ್ಲ.

ಹತ್ತನೆಯ ದಿನ ಕಾಕು ಮನೆಗೆ ಬಂದಳು. ಮೂರು ಬೆರಳು ಇನ್ನು ಮಡಿಸಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನನಗೆ ಬುತ್ತಿ ತಂದದ್ದು ಕಾಕಾ. ರೊಟ್ಟಿ ದಪ್ಪ, ಅಂಚು ಹರಿದಿತ್ತು. ಅವರೇ ಬಡಿದಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಮೇಲಿನ ಠಾಣೆಗೆ ಬದಲಿ ಬಂದಿದ್ದವನಿಗೆ ಎಣಿಸಲು ಹೇಳಿ, ಪೆಟ್ಟಿಗೆ ಚಾಲೂ ಮಾಡಿ, ಬಂದ್ ಮಾಡಿ ತೋರಿಸಿದೆ.

ಕಾಕಾ ಬಗ್ಗಿ ಮೀಟರಿನ ಮುಳ್ಳು ನೋಡಿದರು.

“ಆಂವ ಒದರಾಕತ್ತಿದ್ದ,” ಎಂದರು.

“ಹೌದ್ರಿ.”

“ನಾ ಅವನ ಅವ್ವಗ ಬೈದೀನಿ. ಬಸ್‌ಸ್ಟ್ಯಾಂಡಿನ್ಯಾಗ, ನಾಕ ಮಂದಿ ಮುಂದ.”

ಅವರೇ ಕೈ ಚಾಚಿ ಪೆಟ್ಟಿಗೆ ಬಂದ್ ಮಾಡಿದರು.

“ಯಂತ್ರ ತಪ್ಪತೈತಿ, ಮನಶ್ಯಾನೂ ತಪ್ಪತಾನ. ಅದಕ್ಕ ನಾ ಏನೂ ಅನ್ನೂದಿಲ್ಲ. ಒಂಬತ್ತ ದಿನ ನನ್ನ ಮುಂದ ಕುಂತು ಚಹಾ ಕುಡದ್ಯಲ್ಲೋ, ಹೆಂಗ ಇಳೀತೋ ಅದು ನಿನ್ನ ಗಂಟಲಾಗ?” ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಬೇಕಿತ್ತು.

ಅವರ ಮುಂದೆಯೇ ಅಧಿಕಾರಿಗೆ ಪತ್ರ ಬರೆದೆ. ಪೆಟ್ಟಿಗೆ ಬಿಚ್ಚಿ ಅದರ ಜೊತೆ ಕಳಿಸಿದೆ. ನನಗೆ ಎಚ್ಚರಿಕೆಯ ಪತ್ರ ಬಂತು. ಮೇಲಿನವನನ್ನು ವಾಪಸು ಕರೆಯಬೇಕೆಂದು ಆದೇಶವಾಯಿತು. ಆದೇಶ ಮುಟ್ಟುವ ಮುಂಚೆ ನಾನೇ ಹೋಗಿ ಹೇಳಬೇಕೆಂದು ಹೊರಟೆ. ಅವನು ಕುಂದಗೋಳದಲ್ಲಿ ಹೆಂಡತಿಯ ಅಣ್ಣನ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ ಎಂದು ತಿಳಿದಿತ್ತು. ಎರಡು ವರ್ಷ ದಿನಾಲೂ ಮಾತಾಡಿದ್ದರೂ ಅವನ ಮುಖ ನಾನು ನೋಡಿರಲಿಲ್ಲ. ಅಂಗಡಿಯಲ್ಲಿ ಮೂವರಿದ್ದರು. “ಪಂಚರ್ ಏನ್ರಿ?” ಎಂದು ಒಬ್ಬ ಕೇಳಿದಾಗ ದನಿಯಿಂದ ಗುರುತು ಹಿಡಿದೆ. ಗಂಟಲು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಹೇಳಿದ್ದನ್ನೆಲ್ಲ ಅವನು ಟ್ಯೂಬಿಗೆ ಗಾಳಿ ಹಾಕುತ್ತಲೇ ಕೇಳಿದ.

“ಆಕಿ ಉಳದಾಳ?”

“ಉಳದಾರ್ರಿ. ಕೈಯೊಂದ...”

“ನಿಮ್ಮ ದನಿ ಬರತಿತ್ತ್ರಿ ನನಗ. ‘ಕೇಳತೈತೇನು’ ಅಂತಿದ್ರಿ. ಕೇಳತೈತ್ರಿ ಅಂತ ಒದರತಿದ್ದೆ. ನೀವು ಮತ್ತ ‘ಕೇಳತೈತೇನು’ ಅಂತಿದ್ರಿ. ನನಗ ತಲಿ ಕೆಟ್ಟಂಗಾತು. ನಾ ಖರೇನ ಮಾತಾಡಾಕತ್ತೀನೋ ಇಲ್ಲೋ ಅನಸ್ತು.”

ವಾಪಸು ಬರಬೇಕೆಂದು ಕೇಳಿಕೊಂಡೆ.

“ಇಲ್ರಿ. ಇಲ್ಲಿ ಗಾಳಿ ಹಾಕಿದ್ರ ಗಾಲಿ ಉಬ್ಬತೈತಿ. ಕಣ್ಣಿಗೆ ಕಾಣತೈತಿ,” ಎಂದ. ಚಹಾ ತರಿಸಲೇ ಎಂದು ಕೇಳಲಿಲ್ಲ. ನಮ್ಮ ಕಡೆ ಬಂದವರಿಗೆ ಚಹಾ ಕೇಳದವರಿಲ್ಲ. ನಾನು ಬಸ್ಸು ಹತ್ತಿ ಬಂದೆ. ಮೇಲಿನ ಠಾಣೆಗೆ ಬೇರೆಯವರು ಕಾಯಂ ಆಗಿ ಬಂದರು. ಅವನು ಮತ್ತೆ ಮೈಕು ಹಿಡಿಯಲಿಲ್ಲ.

ಎಲ್ಲ ಹೇಳಿಬಿಟ್ಟರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಸೆಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಅದರೊಳಗೆ ಯಾರೋ ಕೂಗುತ್ತಿದ್ದಾರೆ ಎನ್ನಿಸುತ್ತಿತ್ತು. ಕರ್ತವ್ಯ ನನ್ನದಲ್ಲದಾಗಲೂ ಎದ್ದು ಬಂದು ಗುಂಡಿಗಳನ್ನು ಮುಟ್ಟಿ ನೋಡುತ್ತಿದ್ದೆ. ಕ್ಯಾಂಪಿನ ಸದ್ದನ್ನು ಈಗ ಹಾಗೇ ಸಹಿಸುತ್ತಿದ್ದೆವು. ಪ್ರತಿ ತಾಸಿಗೆ ಹತ್ತು ನಿಮಿಷ ಬಾಯಿ ಮುಚ್ಚಿಕೊಳ್ಳಲು ಗುಮಾಸ್ತ ಒಪ್ಪಿದ್ದ. ಕಾಕಾ ಹೋಗಿ ಕೇಳಿದ್ದರು, ಅವನು ತಕ್ಷಣ ಹೂಂ ಎಂದಿದ್ದ. ಅದನ್ನು ನಾವು ಮೊದಲೇ ಕೇಳಬಹುದಿತ್ತು. ಯಾರಿಗೂ ಹೊಳೆದಿರಲಿಲ್ಲ. ನಾನು ಪೆಟ್ಟಿಗೆ ಕಟ್ಟುವುದರಲ್ಲಿದ್ದೆ.

ಮಳೆಗಾಲ ಮುಗಿದು ಹಳ್ಳದ ನೀರು ಕಾಲಿನ ಮೀನಖಂಡದ ಮಟ್ಟಕ್ಕೆ ಇಳಿದಿತ್ತು. ಒಂದು ಮುಂಜಾನೆ ಕಾಕು ಠಾಣೆಗೆ ಬಂದು ಬಾಗಿಲಲ್ಲಿ ನಿಂತಳು. ಆ ದಿನದ ನಂತರ ಆಕೆ ಹೊಲಕ್ಕೆ ಹೋಗಿರಲಿಲ್ಲ. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಚೇಷ್ಟೆ ಬಿಟ್ಟಿದ್ದಳು.

“ನಿನಗ ನಿದ್ದಿ ಬರತೈತೇನೋ?”

“ಇಲ್ರಿ ಕಾಕು.”

“ನನಗೂ ಇಲ್ಲ. ಕಣ್ಣ ಮುಚ್ಚಿದ್ರ ಕಿವ್ಯಾಗ ನೀರು. ಬಾಜೂಕ ನಿಮ್ಮ ಕಾಕಾ ಗೊರಕಿ ಹೊಡಿತಾನ, ಅದೂ ಕೇಳೂದಿಲ್ಲ. ಏಳು, ದಾಟೂಣು.”

“ಈಗ್ರಿ?”

“ಮತ್ತ್ಯಾವಾಗ, ಮಳಿ ಬಂದ ಮ್ಯಾಲೇನ?”

ಸೆಟ್ಟಿನ ಮುಂದಿದ್ದ ಕಾಕಾ ತಿರುಗಿ ನೋಡದೆ ಹೇಳಿದರು: “ಮ್ಯಾಲಿಂದ ಹತ್ತರ ಕರೆ ಬಂದೈತಿ. ನೀರಿಲ್ಲ. ಹೋಗ್ರಿ.”

ನೀರು ತಣ್ಣಗಿತ್ತು. ಕಾಕು ಎಡಗೈಯಿಂದ ನನ್ನ ಮೊಣಕೈ ಹಿಡಿದಿದ್ದಳು. ಬಲಗೈ ಎದೆಗೆ ಒತ್ತಿಕೊಂಡಿದ್ದಳು. ನಟ್ಟನಡುವೆ ಬಂದು ನಿಂತುಬಿಟ್ಟಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಕೆಯ ಉಸಿರು ಕೇಳುತ್ತಿತ್ತು. ನಾನೂ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಕೆಳಗೆ ನೋಡಿದಳು.

“ಯಾರ ಕಾಲ ನಡಗಾಕತ್ತಾವೋ, ನಿನ್ನವೋ ನನ್ನವೋ?”

“ನನ್ನವು ಕಾಕು.”

“ಹಂಗಾರ ನಡಿ. ನಾ ಹಿಡದೀನಿ.”

ಆಚೆ ದಂಡೆಗೆ ಹೋದೆವು. ಉಳ್ಳಾಗಡ್ಡಿಯ ಮಡಿಗಳ ಮೇಲೆ ರಾಡಿ ಒಣಗಿ ಬಿರುಕು ಬಿಟ್ಟಿತ್ತು. ಆಕೆ ಸುತ್ತಲೂ ನೋಡಿ, ಈ ವರ್ಷ ಕಡಲಿ ಹಾಕಬೇಕು ಎಂದಳು. ತಿರುಗಿ ದಾಟಿ ಬಂದೆವು. ಬರುವಾಗ ಆಕೆ ನನ್ನ ಕೈ ಹಿಡಿಯಲಿಲ್ಲ. ದಂಡೆ ಹತ್ತಿ ಸೀರೆಯ ಅಂಚು ಹಿಂಡಿ ಮನೆಗೆ ಹೋದಳು.

ಮರುದಿನ ನನಗೆ ಎಚ್ಚರಾದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಎಂಟರ ಕರೆ ತಪ್ಪಿತೆಂದು ಗಾಬರಿಯಿಂದ ಎದ್ದು ಬಂದೆ. ಕಾಕಾ ಆಗಲೇ ಅದನ್ನು ತೆಗೆದುಕೊಂಡು ಬರೆದಿಟ್ಟಿದ್ದರು. ಮೇಜಿನ ಮೇಲೆ ಬುತ್ತಿಯೂ ಇರಲಿಲ್ಲ, ಅವರು ಚಹಾವನ್ನೂ ಕುಡಿದಿರಲಿಲ್ಲ.

“ನಿಮ್ಮ ಕಾಕು ಇನ್ನೂ ಗೊರಕಿ ಹೊಡ್ಯಾಕತ್ತಾಳ,” ಎಂದರು. “ಕೋಳಿ ಕೂಗಿದ್ರೂ ಏಳಲಿಲ್ಲ. ನಾನೂ ಎಬ್ಬಸಲಿಲ್ಲ. ಒಲಿ ಹಚ್ಚು, ಚಾ ಮಾಡು.”